ಗೇರು ಗುಡ್ಡೆಯಲ್ಲಿ ವೈನರಿ: ಕಾಸರಗೋಡಿನ ಕೃಷಿಕರಿಗೆ ಒಂದು ಕೈಪಿಡಿ

ಮಾರ್ಚ್ ತಿಂಗಳ ಮಧ್ಯಾಹ್ನ ಪೆರ್ಲದಿಂದ ಬದಿಯಡ್ಕಕ್ಕೆ ಬಸ್ಸಿನಲ್ಲಿ ಹೋಗುವವರಿಗೆ ಕಿಟಕಿಯಿಂದ ತೂರಿ ಬರುವ ಒಂದು ಹುಳಿ ವಾಸನೆ ಗೊತ್ತಿರುತ್ತದೆ. ಬೀಜ ಹೆಕ್ಕಿ ಮುಗಿದ ಮೇಲೆ ಗುಡ್ಡೆಯಲ್ಲೇ ಬಿದ್ದ ಗೇರುಹಣ್ಣು ಕೊಳೆಯುವ ವಾಸನೆ ಅದು. ಒಂದು ಕಿಲೋ ಬೀಜದ ಜೊತೆಗೆ ಸುಮಾರು ಎಂಟರಿಂದ ಹತ್ತು ಕಿಲೋ ಹಣ್ಣು ಬರುತ್ತದೆ. ಬೀಜದ ಲೆಕ್ಕವನ್ನು ಗ್ರಾಂ ಬಿಡದೆ ಬರೆದಿಡುವ ನಾವು ಹಣ್ಣಿನ ಲೆಕ್ಕ ಬರೆದದ್ದೇ ಇಲ್ಲ. ದನಕ್ಕೆ ಒಂದಿಷ್ಟು, ಉಪ್ಪು ಸವರಿ ಮಕ್ಕಳ ಬಾಯಿಗೆ ಒಂದಿಷ್ಟು, ಉಳಿದದ್ದೆಲ್ಲ ಮಣ್ಣಿಗೆ.

ಶಾಲೆಯಿಂದ ನಿವೃತ್ತನಾದ ಮೇಲೆ ನಾನು ಮತ್ತು ನನ್ನ ಭಾವ ಈ ಹಣ್ಣಿನ ಬೆನ್ನು ಹತ್ತಿದೆವು. 2022ರಲ್ಲಿ ಕೇರಳ ಸರಕಾರ ತೋಟದ ಬೆಳೆಗಳಿಂದ ವೈನ್ ತಯಾರಿಸುವ ಸಣ್ಣ ಘಟಕಗಳಿಗಾಗಿ ಪ್ರತ್ಯೇಕ ನಿಯಮಾವಳಿಯನ್ನೇ ತಂದಿತ್ತು. ಗೇರು, ಹಲಸು, ಮಾವು, ಬಾಳೆ, ಅನಾನಸು ಇಂಥವು ಅದರೊಳಗೆ ಬರುತ್ತವೆ, ಧಾನ್ಯ ಬರುವುದಿಲ್ಲ. ನಮ್ಮ ಜಿಲ್ಲೆಯ ತೆಂಕಣ ತುದಿಯಲ್ಲಿ, ವೆಳ್ಳರಿಕುಂಡ್ ತಾಲೂಕಿನ ಭೀಮನಡಿಯಲ್ಲಿ, ಕೃಷಿಕರೊಬ್ಬರು ಹಣ್ಣಿನ ವೈನ್ ಘಟಕ ಕಟ್ಟಿದ ಸುದ್ದಿ ಬಂದಾಗ ನಮಗೆ ಧೈರ್ಯ ಬಂತು. ಆ ಬಳಿಕ ಕಚೇರಿಗಳ ಮೆಟ್ಟಿಲು ಹತ್ತಿ ಇಳಿದು ಕಲಿತದ್ದನ್ನು, ಡ್ರಮ್ಮುಗಳ ಮುಂದೆ ಕುಳಿತು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲು: ನಿಮಗೆ ಬೇಕಾದದ್ದು ಯಾವ ಪರವಾನಗಿ?

ಮದ್ಯ ತಯಾರಿಕೆ ಎಂದರೆ ಎಲ್ಲವೂ ಒಂದೇ ಎಂದು ಭಾವಿಸಿ ಅಬಕಾರಿ ಕಚೇರಿಗೆ ಹೋಗಬೇಡಿ. ಧಾನ್ಯವನ್ನು ಮೊಳಕೆ ಬರಿಸಿ ಬೇಯಿಸಿ ಹುದುಗಿಸಿದರೆ ಬಿಯರ್. ಅದರ ಕಾರ್ಖಾನೆ ಬ್ರೂವರಿ. ಹಣ್ಣಿನ ರಸವನ್ನು ಹುದುಗಿಸಿ ಹಾಗೆಯೇ ತಿಳಿ ಮಾಡಿದರೆ ವೈನ್, ಅದು ವೈನರಿ. ಹುದುಗಿದ್ದನ್ನು ಒಲೆಯ ಮೇಲಿಟ್ಟು ಆವಿ ಇಳಿಸಿದರೆ ಡಿಸ್ಟಿಲರಿ. ಕೇರಳದಲ್ಲಿ ಬ್ರೂವರಿಗೆ 1967ರ ನಿಯಮ, ಡಿಸ್ಟಿಲರಿಗೆ 1968ರ ನಿಯಮ, ಹಣ್ಣಿನ ಸಣ್ಣ ವೈನರಿಗೆ 2022ರ ನಿಯಮ. ಮೂರಕ್ಕೂ ತಾಯಿಬೇರು ಅಬಕಾರಿ ಕಾಯಿದೆ.

ಮೊದಲೆರಡರ ಆಸೆಯನ್ನು ಇಂದೇ ಬಿಟ್ಟುಬಿಡಿ. 1999ರ ಬಳಿಕ ಹೊಸ ಬ್ರೂವರಿ, ಡಿಸ್ಟಿಲರಿಗೆ ಅನುಮತಿ ಕೊಡುವುದು ಕೇರಳದಲ್ಲಿ ದೊಡ್ಡ ರಾಜಕೀಯ ವಿಷಯ. 2018ರಲ್ಲಿ ಕೊಟ್ಟ ಅನುಮತಿಗಳನ್ನು ಅದೇ ವರ್ಷದ ಅಕ್ಟೋಬರಿನಲ್ಲಿ ಸರಕಾರವೇ ಹಿಂದೆಗೆದುಕೊಂಡಿತು. ಗೋವೆಯ ಫೆನ್ನಿಯಂತೆ ನಾವೂ ಇಳಿಸಿದರೇನು ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಪಕ್ಕದ ಕಣ್ಣೂರು ಜಿಲ್ಲೆಯ ಪಯ್ಯಾವೂರು ಸೇವಾ ಸಹಕಾರಿ ಬ್ಯಾಂಕ್ ಗೇರುಹಣ್ಣಿನ ಫೆನ್ನಿಗಾಗಿ ವರ್ಷಗಟ್ಟಲೆ ಓಡಾಡಿ 2022ರಲ್ಲಿ ಸರಕಾರದ ಅನುಮತಿ ಪಡೆದದ್ದು ನಿಜ. ಒಂದು ಸಹಕಾರಿ ಬ್ಯಾಂಕಿಗೇ ಅಷ್ಟು ಕಾಲ ಹಿಡಿದದ್ದು, ನಾಲ್ಕು ಎಕರೆಯ ಕೃಷಿಕನಿಗೆ ಎಷ್ಟು ಹಿಡಿದೀತು ಎಂದು ನೀವೇ ಅಂದಾಜು ಮಾಡಿ.

ಪರವಾನಗಿ ಇಲ್ಲದೆ ಮನೆಯ ಅಟ್ಟದಲ್ಲಿ ಭರಣಿ ಇಡುವ ಯೋಚನೆ ಇದ್ದರೆ ಒಂದು ಮಾತು. ಅಬಕಾರಿ ಕಾಯಿದೆಯ 55ನೇ ಸೆಕ್ಷನ್ ಪ್ರಕಾರ ಅಕ್ರಮ ತಯಾರಿಕೆಗೆ 10 ವರ್ಷದವರೆಗೆ ಸೆರೆ, 1 ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ದಂಡ. ಕ್ರಿಸ್ಮಸ್ಸಿಗೆ ಮನೆಯಲ್ಲಿ ವೈನ್ ಹಾಕುವವರಿಗೂ ಇದು ಅನ್ವಯಿಸುತ್ತದೆ ಎಂದು ಇಲಾಖೆ ಹಿಂದೆಯೇ ಎಚ್ಚರಿಸಿದೆ. ನಮ್ಮ ಪತ್ರಿಕೆಗಳಲ್ಲಿ "ಹುಳಿರಸ ವಶ" ಎಂದು ಆಗಾಗ ಬರುವ ಸುದ್ದಿಯಲ್ಲಿನ ಹುಳಿರಸಕ್ಕೂ (ಕಳ್ಳಭಟ್ಟಿ ಇಳಿಸಲು ಹುದುಗಿಸಿಟ್ಟ ದ್ರವ) ನಿಮ್ಮ ಡ್ರಮ್ಮಿನಲ್ಲಿ ಗುಳ್ಳೆ ಏಳುತ್ತಿರುವ ಗೇರುರಸಕ್ಕೂ ಕಾನೂನಿನ ಕಣ್ಣಿನಲ್ಲಿ ಇರುವ ವ್ಯತ್ಯಾಸ ಒಂದೇ ಒಂದು ಕಾಗದ.

ಲೆಕ್ಕ ಹಾಕಿ, ಆಮೇಲೆ ಹೆಜ್ಜೆ ಇಡಿ

ನಿಯಮ ಬಂದಾಗ ಗೊತ್ತುಪಡಿಸಿದ ಶುಲ್ಕ ವರ್ಷಕ್ಕೆ 50,000 ರೂಪಾಯಿ, ಬಾಟಲಿ ತುಂಬುವ ಪರವಾನಗಿಗೆ ಬೇರೆ 5,000 ರೂಪಾಯಿ. ಪರವಾನಗಿಯ ಅವಧಿ ಮೂರು ವರ್ಷ. ಶುಲ್ಕಗಳು ಮದ್ಯ ನೀತಿಯೊಂದಿಗೆ ಬದಲಾಗುತ್ತವೆ. ಅರ್ಜಿ ಹಾಕುವ ದಿನದ ದರವನ್ನು ಕಚೇರಿಯಲ್ಲೇ ಕೇಳಿ ಬರೆದುಕೊಳ್ಳಿ.

ಈ 55,000ವನ್ನು ಬಾಟಲಿಗಳಿಗೆ ಹಂಚಿ ನೋಡುವ ಬುದ್ಧಿ ನಮಗೆ ತಡವಾಗಿ ಬಂತು. ಒಂದು ಟನ್ ಹಣ್ಣು ಹಿಂಡಿದರೆ ಸುಮಾರು 650 ಲೀಟರ್ ರಸ. ಗಸಿ (ಅಡಿಯಲ್ಲಿ ಕೂರುವ ಕೆಸರು) ಇಳಿದು, ಸಕ್ಕರೆ ಸೇರಿ, ಹುದುಗಿ, ಸೋಸಿ ಕೊನೆಗೆ ಕೈಗೆ ಬರುವುದು ಸುಮಾರು 570 ಲೀಟರ್. ಎಂದರೆ 750 ಮಿಲಿಲೀಟರಿನ 760 ಬಾಟಲಿ. ಒಂದು ಬಾಟಲಿಯ ತಲೆಯ ಮೇಲೆ ಶುಲ್ಕವೇ 72 ರೂಪಾಯಿ ಕುಳಿತಿತು. ಅದೇ ಮೂರು ಟನ್ ಮಾಡಿದರೆ 24 ರೂಪಾಯಿ. ಆದ್ದರಿಂದ "ಮೊದಲ ವರ್ಷ ಸ್ವಲ್ಪವೇ ಮಾಡೋಣ" ಎಂಬ ನಮ್ಮ ಊರಿನ ಸಹಜ ಎಚ್ಚರಿಕೆ ಇಲ್ಲಿ ನಷ್ಟದ ದಾರಿ. ಒಳ್ಳೆಯ ಕಸಿ ಮರ ಎಂಟು ಹತ್ತು ಕಿಲೋ ಬೀಜ ಕೊಟ್ಟರೆ ಹಣ್ಣು 80 ಕಿಲೋ ಬರುತ್ತದೆ; ಅದರಲ್ಲಿ ವೈನಿಗೆ ಆಗುವಂಥದ್ದು ಅರ್ಧ ಎಂದೇ ಹಿಡಿಯಿರಿ. ಮೂರು ಟನ್ನಿಗೆ 75 ಮರ ಬೇಕು. ಏಳು ಮೀಟರ್ ಅಂತರದಲ್ಲಿ ನೆಟ್ಟ ತೋಟವಾದರೆ ಒಂದು ಎಕರೆಯಲ್ಲಿ 80 ಮರ ನಿಲ್ಲುತ್ತದೆ. ಹಳೆಯ ಕಾಟು ಗೇರಿನ ಗುಡ್ಡೆಯಾದರೆ ಇಬ್ಬರು ಮೂವರು ನೆರೆಯವರು ಕೂಡಬೇಕಾಗುತ್ತದೆ.

ಇನ್ನೊಂದು ಮುಳ್ಳು ತೆರಿಗೆಯದು. ಕುಡಿಯುವ ಮದ್ಯ ಜಿಎಸ್‌ಟಿಯ ಒಳಗಿಲ್ಲ. ನೀವು ಕೊಳ್ಳುವ ಟ್ಯಾಂಕು, ಬಾಟಲಿ, ಯೀಸ್ಟು ಎಲ್ಲದಕ್ಕೂ ಜಿಎಸ್‌ಟಿ ಕೊಡುತ್ತೀರಿ. ಮಾರುವ ವೈನಿಗೆ ಜಿಎಸ್‌ಟಿ ಇಲ್ಲದ ಕಾರಣ ಕೊಟ್ಟದ್ದನ್ನು ಕಳೆದುಕೊಳ್ಳುವ ಸೌಲಭ್ಯವೂ ಇಲ್ಲ. ಜ್ಯೂಸ್ ಮಾಡುವವರ ಲೆಕ್ಕವನ್ನು ನೋಡಿ ಯೋಜನಾ ವರದಿ ಬರೆದರೆ ಇಲ್ಲಿ ತಪ್ಪುತ್ತದೆ.

ಕೆಲಸದ ಪಂಚಾಂಗ

ಗೇರುಹಣ್ಣು ಫೆಬ್ರವರಿಯಿಂದ ಮೇ ತನಕ. ಕಿತ್ತ ಹಣ್ಣು ಒಂದು ದಿನ ನಿಲ್ಲುವುದೇ ಹೆಚ್ಚು. ಕಡತಕ್ಕೆ ಆ ಅವಸರ ಇಲ್ಲ. ಜನವರಿಯಲ್ಲಿ ಅರ್ಜಿ ಹಾಕಿ ಮಾರ್ಚಿಗೆ ಹಿಂಡುವ ಕನಸು ಕಂಡ ನಾವು ಆ ವರ್ಷದ ಹಣ್ಣನ್ನು ಎಂದಿನಂತೆ ಮಣ್ಣಿಗೇ ಕೊಟ್ಟೆವು. ಮಳೆಗಾಲ ಶುರುವಾಗುವಾಗ ಕಾಗದದ ಕೆಲಸ, ನವರಾತ್ರಿಯ ಹೊತ್ತಿಗೆ ಕಟ್ಟಡ, ಡಿಸೆಂಬರಿನಲ್ಲಿ ಟ್ಯಾಂಕು ತೊಳೆದು ನೀರು ತುಂಬಿಸಿ ಸೋರಿಕೆಯ ಪರೀಕ್ಷೆ. ಹೀಗೆ ಹಿಂದಿನಿಂದ ಎಣಿಸಿಕೊಂಡು ಬನ್ನಿ.

ಜಾಗ

ಮೊದಲು ವಿಲ್ಲೇಜ್ ಆಫೀಸಿಗೆ ಹೋಗಿ ಜಾಗದ ವರ್ಗ ನೋಡಿಸಿ. ದಾಖಲೆಯಲ್ಲಿ ಗದ್ದೆ ಎಂದಿದ್ದರೆ 2008ರ ಭತ್ತದ ಗದ್ದೆ ಮತ್ತು ಜೌಗುಭೂಮಿ ಸಂರಕ್ಷಣಾ ಕಾಯಿದೆ ಅಡ್ಡ ಬರುತ್ತದೆ. ಮೂವತ್ತು ವರ್ಷದಿಂದ ಅಡಿಕೆ ನಿಂತಿದ್ದರೂ ಕಾಗದದಲ್ಲಿ ಗದ್ದೆಯಾಗಿಯೇ ಉಳಿದ ಜಾಗಗಳು ನಮ್ಮಲ್ಲಿ ಬೇಕಾದಷ್ಟಿವೆ. ಅಂಥಲ್ಲಿ ಕಟ್ಟಡದ ನಕ್ಷೆ ಬರೆಸುವುದು ವ್ಯರ್ಥ. ಗುಡ್ಡೆಯ ಮೇಲಿನ, ಪುರಯಿಡ (ಗದ್ದೆಯಲ್ಲದ ಒಣಭೂಮಿ) ಎಂದು ದಾಖಲಾದ ತುಂಡು ಒಳ್ಳೆಯದು. ಶಾಲೆ, ದೇವಸ್ಥಾನ, ಮಸೀದಿ, ಇಗರ್ಜಿ, ಭಜನಾ ಮಂದಿರಗಳಿಂದ ಸಾಕಷ್ಟು ದೂರವಿರಲಿ. ನಿಯಮಕ್ಕಿಂತ ಮುಂಚೆ ಊರಿನವರ ಮನಸ್ಸು ತಿಳಿಯಬೇಕು. ವಾರ್ಡಿನ ಸದಸ್ಯರಿಗೆ, ಬೇಲಿಯಾಚೆಯ ಮನೆಯವರಿಗೆ ನೀವೇ ಹೋಗಿ ಹೇಳಿ. ಬೇರೆಯವರ ಬಾಯಿಂದ "ಅಲ್ಲಿ ಶರಾಬಿನ ಫ್ಯಾಕ್ಟರಿ ಬರುತ್ತದಂತೆ" ಎಂದು ಕೇಳಿದವರು ಮೊದಲ ದೂರು ಬರೆಯುತ್ತಾರೆ.

ಕಟ್ಟಡಕ್ಕೆ ನಾಲ್ಕು ಭಾಗ ಬೇಕು: ಹಣ್ಣು ತೊಳೆದು ಹಿಂಡುವ ಕೋಣೆ, ಹುದುಗಿಸುವ ಕೋಣೆ, ಬಾಟಲಿ ತುಂಬುವ ಕೋಣೆ, ಬೀಗ ಹಾಕುವ ದಾಸ್ತಾನು ಕೋಣೆ. ಒಳಬರುವ ಹಣ್ಣು ಒಂದು ಬಾಗಿಲಿನಿಂದ ಬಂದು ಬಾಟಲಿ ಇನ್ನೊಂದು ಬಾಗಿಲಿನಿಂದ ಹೋಗುವಂತಿದ್ದರೆ ಅಬಕಾರಿಯವರಿಗೂ ಆಹಾರ ಸುರಕ್ಷತೆಯವರಿಗೂ ಒಪ್ಪಿಗೆಯಾಗುತ್ತದೆ. ಹಿಂಡುವ ಕೋಣೆ ಪರವಾನಗಿಯ ಆವರಣದೊಳಗೇ ಇರಬೇಕೆಂಬುದನ್ನು ಮರೆಯಬೇಡಿ. ಬೇಸಗೆಯ ಸೆಕೆಯಲ್ಲಿ ಗೇರುರಸ ಆರೆಂಟು ಗಂಟೆಯಲ್ಲಿ ತಾನಾಗಿ ಹುಳಿಯಲು ತೊಡಗುತ್ತದೆ. ತೋಟದಲ್ಲೇ ಹಿಂಡಿ ಕ್ಯಾನಿನಲ್ಲಿ ತುಂಬಿ ಜೀಪಿನಲ್ಲಿ ತರುವಾಗ ಗುಳ್ಳೆ ಎದ್ದರೆ ನೀವು ದಾರಿಯಲ್ಲಿ ಸಾಗಿಸುತ್ತಿರುವುದು ರಸವೋ ಹುಳಿರಸವೋ ಎಂದು ವಾದಿಸುವ ಪ್ರಸಂಗ ಬರುತ್ತದೆ. ಹಣ್ಣನ್ನು ಹಣ್ಣಾಗಿಯೇ ತನ್ನಿ.

ಕಡತ

ಅರ್ಜಿ ಸಾಗುವುದು ಜಿಲ್ಲೆಯ ಅಬಕಾರಿ ಡೆಪ್ಯೂಟಿ ಕಮಿಷನರರ ಕಚೇರಿಯ ಮೂಲಕ. ಸ್ಥಳ ತನಿಖೆ ಅಲ್ಲಿಂದಲೇ ನಡೆಯುತ್ತದೆ. ಇಲಾಖೆಯ ತಲೆ ತಿರುವನಂತಪುರದಲ್ಲಿರುವ ಎಕ್ಸೈಸ್ ಕಮಿಷನರ್. ಜೊತೆಗೆ ಇಡಬೇಕಾದವುಗಳಲ್ಲಿ ಜಾಗದ ಆಧಾರಪತ್ರ (ಹಕ್ಕಿನ ದಸ್ತಾವೇಜು), ಈ ವರ್ಷದ ಭೂತೆರಿಗೆ ರಸೀದಿ, ವಿಲ್ಲೇಜ್ ಆಫೀಸಿನ ಸ್ವಾಧೀನ ಪತ್ರ, ಜಾಗದ ಸ್ಕೆಚ್, ಕಟ್ಟಡದ ನಕ್ಷೆ, ಯಂತ್ರಗಳ ಪಟ್ಟಿ, ಯೋಜನಾ ವರದಿ, ಹಣ ಎಲ್ಲಿಂದ ಬರುತ್ತದೆ ಎಂಬುದಕ್ಕೆ ಬ್ಯಾಂಕಿನ ಕಾಗದ ಇರಲಿ. ಪಂಚಾಯತಿನಿಂದ ಕಟ್ಟಡದ ಅನುಮತಿ ಮತ್ತು ವ್ಯಾಪಾರ ಪರವಾನಗಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ, ಆಹಾರ ಸುರಕ್ಷತಾ ಪರವಾನಗಿ, ಅಳತೆ ಮತ್ತು ತೂಕ ಇಲಾಖೆಯ ನೋಂದಣಿ ಬೇರೆ ಬೇರೆ ದಾರಿಗಳು. ಇವನ್ನು ಒಂದಾದ ಮೇಲೆ ಒಂದು ಎಂದು ಕಾಯದೆ ಒಟ್ಟಿಗೆ ಶುರುಮಾಡಿ. ಹಣ್ಣು ನಮ್ಮ ತೋಟದ್ದೇ, ಇಷ್ಟು ಮರ ಇದೆ ಎಂದು ಕೃಷಿಭವನದಿಂದ ಒಂದು ಪತ್ರ ತೆಗೆದಿಟ್ಟರೆ ಯೋಜನಾ ವರದಿಗೆ ಬೆನ್ನೆಲುಬಾಗುತ್ತದೆ.

ನಮ್ಮ ಕಡತ ಒಮ್ಮೆ ಮರಳಿ ಬಂದದ್ದು ಹಾಸ್ಯಾಸ್ಪದ ಕಾರಣಕ್ಕೆ. ನಕ್ಷೆಯಲ್ಲಿ ಟ್ಯಾಂಕು, ಬಾಗಿಲು, ಕಿಟಕಿ ಎಲ್ಲ ಇತ್ತು. ತೊಳೆದ ನೀರು ಹೋಗುವ ಚರಂಡಿ ಇರಲಿಲ್ಲ. "ಮಾಷ್ಟ್ರೇ, ನೀರು ಎಲ್ಲಿಗೆ ಹೋಗುತ್ತದೆ?" ಎಂದು ಕಚೇರಿಯವರು ಕೇಳಿದರು. "ಅಡಿಕೆ ತೋಟಕ್ಕೆ" ಎಂದೆ. "ಹಾಗಾದರೆ ಅದನ್ನು ಗೆರೆ ಎಳೆದು ತೋರಿಸಿ" ಎಂದರು. ಒಂದು ಗೆರೆಗೆ ಮೂರು ವಾರ. ವೈನರಿಯ ತೊಳೆನೀರಿನಲ್ಲಿ ಸಕ್ಕರೆ, ಯೀಸ್ಟು ಇರುವುದರಿಂದ ನೇರವಾಗಿ ತೋಡಿಗೆ ಬಿಟ್ಟರೆ ಮೀನು ಉಸಿರು ಕಟ್ಟಿ ಸಾಯುತ್ತದೆ. ಗಸಿ ತಂಗುವ ತೊಟ್ಟಿ, ಅದರ ಬಳಿಕ ಇನ್ನೊಂದು ತೊಟ್ಟಿ ಎಂದು ನಕ್ಷೆಯಲ್ಲೇ ತೋರಿಸಿ.

ಇನ್ನೊಂದು, ನಮ್ಮವರು ಬಳಸದೆ ಬಿಡುವ ಹಕ್ಕು. 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯ ಪ್ರಕಾರ ಕನ್ನಡ ಅಲ್ಪಸಂಖ್ಯಾತರು ಸರಕಾರದೊಂದಿಗೆ, ಇಲಾಖೆಗಳ ಮುಖ್ಯಸ್ಥರೊಂದಿಗೆ ಮತ್ತು ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸ್ಥಳೀಯ ಕಚೇರಿಗಳೊಂದಿಗೆ ಕನ್ನಡದಲ್ಲೇ ಪತ್ರ ವ್ಯವಹಾರ ಮಾಡಬಹುದು. ನಾನು ಅರ್ಜಿಯ ಮುಖಪತ್ರವನ್ನು ಕನ್ನಡದಲ್ಲೇ ಬರೆದೆ, ನಕ್ಷೆ ಮತ್ತು ಯಂತ್ರಗಳ ವಿವರವನ್ನು ಇಂಗ್ಲಿಷಿನಲ್ಲಿ ಇಟ್ಟೆ. ಹಟ ಬೇಡ, ಹಿಂಜರಿಕೆಯೂ ಬೇಡ. ಆದರೆ ಸ್ಥಳ ತನಿಖೆಗೆ ಬರುವವರು ಬಹುಪಾಲು ಮಲೆಯಾಳದಲ್ಲೇ ಮಾತನಾಡುತ್ತಾರೆ. ಮನೆಯಲ್ಲಿ ಮಲೆಯಾಳ ಸಲೀಸಾಗಿ ಬರುವ ಒಬ್ಬರು ಆ ದಿನ ಜೊತೆಗಿರಲಿ.

ಹಣ್ಣು ಕೀಳುವುದು

ಬೀಜಕ್ಕಾಗಿ ನಾವು ಹಣ್ಣು ಬೀಳುವ ತನಕ ಕಾಯುತ್ತೇವೆ. ವೈನಿಗೆ ಬಿದ್ದ ಹಣ್ಣು ಆಗದು. ನೆಲಕ್ಕೆ ಬಡಿದು ಒಡೆದಲ್ಲಿ ನೊಣ ಕೂರುತ್ತದೆ, ನೊಣ ಕೂತಲ್ಲಿ ವಿನೆಗರಿನ ಹುಳಿ ಬರುತ್ತದೆ. ಮರದಡಿ ಬಲೆ ಕಟ್ಟಿ ಬೆಳಗಿನ ಜಾವ ಹೆಕ್ಕುವುದು ಒಂದು ಉಪಾಯ; ಕೊಕ್ಕೆಯ ತುದಿಗೆ ಚೀಲ ಕಟ್ಟಿ ಕೀಳುವುದು ಇನ್ನೊಂದು. ಬೀಜವನ್ನು ಕತ್ತಿಯಿಂದ ಬೇರ್ಪಡಿಸಬೇಡಿ. ನೈಲಾನ್ ದಾರವನ್ನು ಬೀಜ ಮತ್ತು ಹಣ್ಣಿನ ನಡುವೆ ಸುತ್ತಿ ಎಳೆದರೆ ಸಲೀಸಾಗಿ ಕಳಚುತ್ತದೆ. ಬೀಜದ ಸಿಪ್ಪೆಯ ಎಣ್ಣೆ ಕೈ ಸುಡುವಂಥದ್ದು. ಒಂದು ಹನಿ ರಸಕ್ಕೆ ಸೇರಿದರೂ ಆ ಹಂಡೆಯ ರುಚಿ ಹೋಯಿತು.

ಚಹಾ ಸೊಳ್ಳೆಗೆ (ಗೇರಿನ ಚಿಗುರು ಹೀರುವ ಕೀಟ) ಔಷಧ ಹೊಡೆದ ತೋಟವಾದರೆ ಡಬ್ಬಿಯ ಮೇಲೆ ಬರೆದ ಕಾಯುವ ಅವಧಿಯನ್ನು ಚಾಚೂ ತಪ್ಪದೆ ಪಾಲಿಸಿ, ದಿನಾಂಕ ಬರೆದಿಡಿ. ಎಂಡೋಸಲ್ಫಾನ್ ಕೀಟನಾಶಕದ ದುರಂತ ಕಂಡ ಜಿಲ್ಲೆ ನಮ್ಮದು. ತೋಟಗಾರಿಕಾ ನಿಗಮದ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸಿಂಪಡಿಸುವುದು ನಿಂತದ್ದು 2000ದಲ್ಲಿ. ಕಾಸರಗೋಡಿನ ಗೇರುಹಣ್ಣು ಎಂದ ಕೂಡಲೇ ಕೊಳ್ಳುವವನ ತಲೆಯಲ್ಲಿ ಆ ಪ್ರಶ್ನೆ ಎದ್ದೇ ಏಳುತ್ತದೆ. ಪ್ರಯೋಗಾಲಯದ ಕೀಟನಾಶಕ ಶೇಷ ವರದಿ ಕೈಯಲ್ಲಿದ್ದರೆ ಉತ್ತರಕ್ಕೆ ಮಾತು ಬೇಡ.

ರಸ

ಹಣ್ಣನ್ನು ತಣ್ಣೀರಿನಲ್ಲಿ ಎರಡು ಸಲ ತೊಳೆದು ಹಿಂಡಿ. ಕಬ್ಬಿಣದ ಕತ್ತಿ, ತಗಡಿನ ಬಾಲ್ದಿ ಹತ್ತಿರ ಸುಳಿಯಬಾರದು. ಗೇರುಹಣ್ಣಿನ ಒಗರು ಕಬ್ಬಿಣ ಸೋಕಿದರೆ ಕಪ್ಪಾಗುತ್ತದೆ. ಮೊದಲ ಪ್ರಯೋಗದ ದಿನ ಭಾವ ಅಡುಗೆಮನೆಯ ಹಳೆಯ ಮೆಟ್ಟುಕತ್ತಿಯನ್ನು ತಂದು ಹಣ್ಣನ್ನು ಹೋಳು ಮಾಡಿಕೊಟ್ಟರು. ಸಂಜೆ ನೋಡುವಾಗ ರಸ ಶಾಯಿಯಂತಿತ್ತು. ಸ್ಟೀಲ್ ಅಥವಾ ಆಹಾರ ದರ್ಜೆಯ ಪ್ಲಾಸ್ಟಿಕ್ ಮಾತ್ರ.

ಹಿಂಡಿದ ಕೂಡಲೇ ಒಂದು ಟನ್ ಹಣ್ಣಿನ 650 ಲೀಟರ್ ರಸಕ್ಕೆ 65 ಗ್ರಾಂ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ಕರಗಿಸಿ ಬೆರೆಸಿ. ಕಾಡು ಯೀಸ್ಟು, ಬ್ಯಾಕ್ಟೀರಿಯಾ ಅಡಗುತ್ತವೆ. ಈಗ ಒಗರು ತೆಗೆಯಬೇಕು. ಇದನ್ನು ಬಿಟ್ಟರೆ ಕುಡಿದವನ ಗಂಟಲು ಹಿಡಿಯುತ್ತದೆ. ನಮ್ಮ ಅಡುಗೆಮನೆಯಲ್ಲೇ ಇರುವ ಸಾಬಕ್ಕಿ ಇದಕ್ಕೆ ಮದ್ದು. ಲೀಟರಿಗೆ 5 ಗ್ರಾಂ ಲೆಕ್ಕದಲ್ಲಿ ಸಾಬಕ್ಕಿ ಪುಡಿಯನ್ನು ಸ್ವಲ್ಪ ನೀರಿನಲ್ಲಿ ಗಂಜಿಯಂತೆ ಬೇಯಿಸಿ, ಪೂರ್ತಿ ಆರಿಸಿ, ರಸಕ್ಕೆ ಸುರಿದು ನಿಧಾನವಾಗಿ ಕಲಕಿ. ರಾತ್ರಿ ಹಾಗೆಯೇ ಬಿಡಿ. ಒಗರಿನ ಟ್ಯಾನಿನ್ ಪಿಷ್ಟಕ್ಕೆ ಅಂಟಿ ಅಡಿಯಲ್ಲಿ ಕೆಸರಾಗಿ ಕೂರುತ್ತದೆ. ಬೆಳಿಗ್ಗೆ ನೋಡಿದರೆ ಮೇಲೆ ಎಳೆ ಹಳದಿಯ ತಿಳಿ, ಕೆಳಗೆ ಬಿಳಿ ಮೊಸರಿನಂಥ ಗಸಿ, ನಡುವೆ ಬೆರಳಿನಲ್ಲಿ ಎಳೆದಂತೆ ಗೆರೆ. ಆ ಗೆರೆಗಿಂತ ನಾಲ್ಕು ಬೆರಳು ಮೇಲೆ ನಳಿಗೆಯ ತುದಿ ಹಿಡಿದು ತಿಳಿಯನ್ನು ಇಳಿಸಿಕೊಳ್ಳಿ. 600 ಲೀಟರ್ ಸಿಕ್ಕರೆ ಖುಷಿಪಡಿ. ಉಳಿದದ್ದರ ಮೇಲೆ ಆಸೆ ಬೇಡ.

ಹುದುಗಿಸುವುದು

ರಸದ ಸಕ್ಕರೆ ಅಳೆಯುವ ರಿಫ್ರಾಕ್ಟೋಮೀಟರಿನಲ್ಲಿ ಒಂದು ಹನಿ ಇಟ್ಟು ನೋಡಿ. ಗೇರುರಸ ಸಾಮಾನ್ಯವಾಗಿ 10ರಿಂದ 13 ಬ್ರಿಕ್ಸ್, ಎಂದರೆ ನೂರು ಗ್ರಾಂ ರಸದಲ್ಲಿ ಸುಮಾರು ಅಷ್ಟು ಗ್ರಾಂ ಸಕ್ಕರೆ. 11 ಇದ್ದರೆ ಹುದುಗಿದಾಗ ಶೇ. 6ರಷ್ಟೇ ಆಲ್ಕೋಹಾಲ್ ಆದೀತು. ಹಾಗೆ ಬಿಟ್ಟರೆ ವೈನ್ ಬಾಳಿಕೆ ಬರುವುದಿಲ್ಲ, ಆಹಾರ ಸುರಕ್ಷತಾ ಮಾನದಂಡದ ಶೇ. 7ರಿಂದ 15.5ರ ಮಿತಿಗೂ ನಿಲುಕುವುದಿಲ್ಲ. 20 ಬ್ರಿಕ್ಸಿಗೆ ಏರಿಸಿದರೆ ಶೇ. 11–12 ಬರುತ್ತದೆ. ಬೇಕಾದ ಸಕ್ಕರೆಯ ಲೆಕ್ಕ ಹೀಗೆ: ಗುರಿಯಿಂದ ಈಗಿರುವುದನ್ನು ಕಳೆಯಿರಿ, ರಸದ ತೂಕದಿಂದ ಗುಣಿಸಿ, 100ರಿಂದ ಗುರಿಯನ್ನು ಕಳೆದು ಬಂದ ಸಂಖ್ಯೆಯಿಂದ ಭಾಗಿಸಿ. 600 ಲೀಟರ್ ರಸ ಸುಮಾರು 627 ಕಿಲೋ ತೂಗುತ್ತದೆ. 627ನ್ನು 9ರಿಂದ ಗುಣಿಸಿ 80ರಿಂದ ಭಾಗಿಸಿದರೆ 70 ಕಿಲೋ ಸಕ್ಕರೆ. ಬೆಲ್ಲ ಹಾಕಿದರೆ ಬಣ್ಣವೂ ವಾಸನೆಯೂ ಬೆಲ್ಲದ್ದೇ ಆಗುತ್ತದೆ, ಬೇಡ.

ವೈನ್ ಯೀಸ್ಟು ಲೀಟರಿಗೆ ಕಾಲು ಗ್ರಾಂ, ಸಕ್ಕರೆ ಸೇರಿ ಸುಮಾರು 640 ಲೀಟರಾದ ನಮ್ಮ ಅಳತೆಗೆ 160 ಗ್ರಾಂ. ಬ್ರೆಡ್ಡಿನ ಯೀಸ್ಟು ಕೆಲಸ ಮಾಡುತ್ತದೆ, ಆದರೆ ವೈನ್ ಬೇಕರಿಯ ವಾಸನೆ ಹೊಡೆಯುತ್ತದೆ. ಒಂದೂವರೆ ಲೀಟರ್ ಉಗುರುಬೆಚ್ಚಗಿನ ನೀರಿನಲ್ಲಿ, 37ರಿಂದ 40 ಡಿಗ್ರಿಯ ನಡುವೆ, ಕಾಲು ಗಂಟೆ ನೆನೆಸಿ. ಥರ್ಮಾಮೀಟರ್ ಇಡಿ. ಸ್ನಾನದ ನೀರಿನ ಅಂದಾಜಿನಲ್ಲಿ ಕೈ ಅದ್ದಿ ನೋಡಿ ನಾನು ಒಮ್ಮೆ ಪೂರ್ತಿ ಯೀಸ್ಟನ್ನೇ ಕೊಂದಿದ್ದೇನೆ. ನಮ್ಮ ಊರಿನ ಬಚ್ಚಲಮನೆಯ ಹಂಡೆಯ ನೀರು ಯಾವ ಜೀವಿಗೂ ಹಿತವಲ್ಲ. ನೆನೆದ ಯೀಸ್ಟಿಗೆ ಸ್ವಲ್ಪ ಸ್ವಲ್ಪವಾಗಿ ರಸ ಸೇರಿಸಿ ತಣಿಸಿ, ಆಮೇಲೆ ಟ್ಯಾಂಕಿಗೆ ಸುರಿಯಿರಿ. ಯೀಸ್ಟಿನ ಆಹಾರವಾಗಿ ಆಹಾರ ದರ್ಜೆಯ ಡೈಅಮೋನಿಯಂ ಫಾಸ್ಫೇಟ್ ಲೀಟರಿಗೆ ಕಾಲು ಗ್ರಾಂ ಸಾಕು. ಗೊಬ್ಬರದ ಅಂಗಡಿಯ ಡಿಎಪಿ ಮುಟ್ಟಬೇಡಿ.

ಹೊರಗೆ ಏಪ್ರಿಲಿನ 34 ಡಿಗ್ರಿ. ಟ್ಯಾಂಕಿನೊಳಗೆ 20ರಿಂದ 25 ಇರಬೇಕು. ಹುದುಗುವಾಗ ರಸ ತಾನೇ ಬಿಸಿಯಾಗುತ್ತದೆ. 32 ದಾಟಿದರೆ ಹಣ್ಣಿನ ಪರಿಮಳ ಹಾರಿಹೋಗುತ್ತದೆ, ಯೀಸ್ಟು ನಡುದಾರಿಯಲ್ಲೇ ಕೈಚೆಲ್ಲುತ್ತದೆ. ತಣ್ಣೀರು ಹರಿಯುವ ಕವಚವಿರುವ ಟ್ಯಾಂಕೇ ಬೇಕು. ದುಡ್ಡು ಉಳಿಸಬೇಕಾದರೆ ಬೇರೆ ಎಲ್ಲಾದರೂ ಉಳಿಸಿ, ಇಲ್ಲಿ ಬೇಡ.

ಈಗ ಜೀವದ ಮಾತು. ಒಂದು ಲೀಟರ್ ರಸ ಹುದುಗುವಾಗ 50 ಲೀಟರಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಒಂದು ಟನ್ ಹಣ್ಣಿನ ಒಂದು ಟ್ಯಾಂಕು ಬಿಡುವ ಅನಿಲ ಹತ್ತಡಿ ಉದ್ದ, ಹನ್ನೊಂದಡಿ ಅಗಲ, ಹತ್ತಡಿ ಎತ್ತರದ ಕೋಣೆಯನ್ನು ತುಂಬುವಷ್ಟು. ಅದಕ್ಕೆ ಬಣ್ಣವಿಲ್ಲ, ಗಾಳಿಗಿಂತ ಭಾರ, ನೆಲಮಟ್ಟದಲ್ಲಿ ಮಲಗಿರುತ್ತದೆ. ಹಳೆಯ ಬಾವಿಗೆ ಇಳಿದವರು ಏಳದೇ ಹೋದ ಕಥೆ ನಮ್ಮ ಪ್ರತಿ ಊರಿನಲ್ಲೂ ಇದೆ, ಅದೇ ಅನಿಲ. ಗೋಡೆಯ ಬುಡದಲ್ಲಿ ಕಿಂಡಿ, ಗಾಳಿ ಎಳೆಯುವ ಫ್ಯಾನ್ ಇರಲೇಬೇಕು. ಖಾಲಿ ಟ್ಯಾಂಕು ತೊಳೆಯಲು ಒಬ್ಬರೇ ಒಳಗೆ ಇಳಿಯಬಾರದು.

ಎಂಟರಿಂದ ಹನ್ನೆರಡು ದಿನದಲ್ಲಿ ಗುಳ್ಳೆ ನಿಲ್ಲುತ್ತದೆ. ರಸದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಆರಂಭದ 1.083ರಿಂದ ಇಳಿದು 1.000ಕ್ಕಿಂತ ಕೆಳಗೆ ಬಂದು ಎರಡು ದಿನ ಅಲ್ಲೇ ನಿಂತರೆ ಮುಗಿಯಿತು. ಗಸಿ ಬಿಟ್ಟು ಇಳಿಸಿ, ಬೆಂಟೊನೈಟ್ ಮಣ್ಣಿನಿಂದ ತಿಳಿ ಮಾಡಿ, ತುಂಬಿದ ಟ್ಯಾಂಕಿನಲ್ಲಿ ಗಾಳಿಗೆ ಜಾಗವಿಲ್ಲದಂತೆ ಮುಚ್ಚಿಡಿ. ಮೂರು ತಿಂಗಳು ಕನಿಷ್ಠ, ಆರು ತಿಂಗಳಾದರೆ ಒಳ್ಳೆಯದು. ಮೇ ತಿಂಗಳಲ್ಲಿ ಮೂಗು ಮುರಿಯುವಂತಿದ್ದ ನಮ್ಮ ವೈನ್ ದೀಪಾವಳಿಯ ಹೊತ್ತಿಗೆ ಬೇರೆಯೇ ಆಗಿತ್ತು. ಬಾಟಲಿಗೆ ಮುಂಚೆ ಪ್ರಯೋಗಾಲಯದಲ್ಲಿ ಆಲ್ಕೋಹಾಲ್ ಪ್ರಮಾಣ, ಆವಿಯಾಗುವ ಆಮ್ಲ, ಗಂಧಕದ ಡೈಆಕ್ಸೈಡ್, ಮೆಥನಾಲ್ ಪರೀಕ್ಷೆ ಮಾಡಿಸಿ. ಹಣ್ಣಿನ ಪೆಕ್ಟಿನ್ ಒಡೆಯುವಾಗ ಸ್ವಲ್ಪ ಮೆಥನಾಲ್ ಹುಟ್ಟುವುದು ಸಹಜ. ಮಿತಿಯೊಳಗಿದೆ ಎಂದು ತೋರಿಸುವುದು ನಿಮ್ಮ ಹೊಣೆ.

ಕಲಿಯಲು ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯ ನಮಗೆ ಕೈಗೆಟುಕುವ ದೂರದಲ್ಲಿದೆ. ಕೇರಳ ಕೃಷಿ ವಿಶ್ವವಿದ್ಯಾಲಯವು ಗೇರು, ಅನಾನಸು, ಬಾಳೆಹಣ್ಣುಗಳಿಂದ ‘ನಿಳ’ ಎಂಬ ಹೆಸರಿನಲ್ಲಿ ವೈನ್ ತಯಾರಿಸಿದೆ.

ಪುಸ್ತಕ

ಪರವಾನಗಿ ಬಂದ ದಿನದಿಂದ ನಿಮ್ಮ ಮೇಲಧಿಕಾರಿ ಒಂದು ದಪ್ಪ ಪುಸ್ತಕ. ಬಂದ ಹಣ್ಣು, ಬಂದ ಸಕ್ಕರೆ, ಹಿಂಡಿದ ರಸ, ಟ್ಯಾಂಕಿನ ಸಂಖ್ಯೆ, ಗಸಿಯಾಗಿ ಹೋದದ್ದು, ತುಂಬಿದ ಬಾಟಲಿ, ಒಡೆದ ಬಾಟಲಿ: ಎಲ್ಲವೂ ಅದೇ ದಿನ. ವಾರಕ್ಕೊಮ್ಮೆ ಕುಳಿತು ನೆನಪಿನಿಂದ ಬರೆಯುವುದು ಅಪಾಯ. ಟ್ಯಾಂಕಿನ ಹೊರಮೈಯಲ್ಲಿ ಲೀಟರಿನ ಗೆರೆ ಇರಲಿ. ತನಿಖೆಗೆ ಬಂದವರು ಪುಸ್ತಕದ ಅಂಕೆಯನ್ನೂ ಗೆರೆಯನ್ನೂ ಅಕ್ಕಪಕ್ಕ ಇಟ್ಟು ನೋಡುತ್ತಾರೆ. ಗಸಿಯನ್ನು ಚೆಲ್ಲುವ ಮುಂಚೆ ಅಳೆದು ಬರೆಯಿರಿ. 30 ಲೀಟರ್ ಗಸಿಯನ್ನು ಬರೆಯದೆ ಬಸಳೆಯ ಬುಡಕ್ಕೆ ಸುರಿದರೆ ಪುಸ್ತಕದ ಪ್ರಕಾರ ನೀವು 30 ಲೀಟರ್ ವೈನನ್ನು ಗುಟ್ಟಾಗಿ ಮಾರಿದ ಹಾಗಾಗುತ್ತದೆ. ಮನೆಗೆ ಬಂದ ನೆಂಟರಿಗೆ ಒಂದು ಲೋಟ ಕೊಡುವ ಉದಾರತೆಗೂ ಆ ಪುಸ್ತಕದಲ್ಲಿ ಕಾಲಂ ಇಲ್ಲ.

ಚೀಟಿ ಮತ್ತು ಮಾರಾಟ

ಮದ್ಯಕ್ಕೆ ಸಂಬಂಧಿಸಿದ ಆಹಾರ ಸುರಕ್ಷತಾ ನಿಯಮಗಳು 2018ರವು, ಜಾರಿಗೆ ಬಂದದ್ದು 2019ರ ಏಪ್ರಿಲ್ 1ರಂದು. ಬಾಟಲಿಯ ಚೀಟಿಯಲ್ಲಿ ಯಾವ ಹಣ್ಣಿನ ವೈನ್, ಆಲ್ಕೋಹಾಲ್ ಶೇಕಡಾ ಎಷ್ಟು, ಗಂಧಕದ ಅಂಶ ಇದೆಯೇ, ತಯಾರಕರು ಯಾರು ಎಂಬುದರ ಜೊತೆಗೆ ಮದ್ಯಪಾನ ಆರೋಗ್ಯಕ್ಕೆ ಹಾನಿಕರ, ಕುಡಿದು ವಾಹನ ಓಡಿಸಬೇಡಿ ಎಂಬ ಎಚ್ಚರಿಕೆ ಇರಲೇಬೇಕು. ಅಕ್ಷರದ ಎತ್ತರ 3 ಮಿಲಿಮೀಟರಿಗೆ ಕಡಿಮೆ ಆಗಬಾರದು. ಗೇರುಹಣ್ಣಿನಲ್ಲಿ ಕಿತ್ತಳೆಗಿಂತ ಎಷ್ಟೋ ಪಟ್ಟು ಹೆಚ್ಚು ‘ಸಿ’ ಜೀವಸತ್ವ ಇರುವುದು ನಿಜ. ಅದನ್ನು ಚೀಟಿಯಲ್ಲಿ ಬರೆಯುವಂತಿಲ್ಲ. ಮದ್ಯಕ್ಕೆ ಪೋಷಕಾಂಶದ, ಆರೋಗ್ಯದ ಹೊಗಳಿಕೆ ನಿಷಿದ್ಧ.

ಜಾಹೀರಾತೂ ಇಲ್ಲ. ಅಬಕಾರಿ ಕಾಯಿದೆಯ 55ಎಚ್ ಸೆಕ್ಷನ್ ಮದ್ಯದ ಜಾಹೀರಾತನ್ನು ಅಪರಾಧವೆನ್ನುತ್ತದೆ. ಮಗ ಉತ್ಸಾಹದಿಂದ ಬಾಟಲಿಯ ಚಿತ್ರವನ್ನು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕುವ ಮುಂಚೆ ಕೂರಿಸಿಕೊಂಡು ಹೇಳಿ.

ವೈನರಿಯ ಪರವಾನಗಿ ಸಿಕ್ಕಿತೆಂದು ಮನೆಯ ಗೇಟಿನ ಬಳಿ ಅಂಗಡಿ ತೆರೆಯಲಾಗದು. ಕೇರಳದಲ್ಲಿ ಮದ್ಯದ ಸಗಟು ವ್ಯಾಪಾರ 1984ರಲ್ಲಿ ಹುಟ್ಟಿದ ಬೆವರೇಜಸ್ ಕಾರ್ಪೊರೇಷನ್ನಿನ ಕೈಯಲ್ಲಿದೆ. ಅವರೊಂದಿಗೆ ಬೆಲೆಯ ಮಾತುಕತೆ, ಚೀಟಿಯ ಒಪ್ಪಿಗೆ, ಹೊಲೋಗ್ರಾಂ ಎಲ್ಲ ಮುಗಿಯಬೇಕು. ವೈನ್ ಮಾಗುವ ಆ ಆರು ತಿಂಗಳನ್ನು ಇದಕ್ಕೇ ಬಳಸಿ. ಕೊಳ್ಳುವವನಿಗೆ 23 ವರ್ಷ ತುಂಬಿರಬೇಕು ಎಂಬುದು ಇಲ್ಲಿನ ಕಾನೂನು.

ತಲಪಾಡಿ ದಾಟಿದರೆ ಮಂಗಳೂರು ಅರ್ಧ ಗಂಟೆ. ನಮ್ಮ ಹಲಸು, ಅಡಿಕೆ, ಮಕ್ಕಳ ಕಾಲೇಜು ಎಲ್ಲ ಆ ಕಡೆಯೇ ಇರುವಾಗ ವೈನನ್ನೂ ಅಲ್ಲೇ ಮಾರೋಣ ಎನಿಸುವುದು ಸಹಜ. ಆದರೆ ಮದ್ಯದ ಮಟ್ಟಿಗೆ ಆ ಗೆರೆ ಎರಡು ದೇಶಗಳ ಗಡಿಯಂತೆ. ಕರ್ನಾಟಕಕ್ಕೆ ಕಳುಹಿಸಲು ಇಲ್ಲಿಂದ ರಫ್ತು ಪರವಾನಗಿ, ಅಲ್ಲಿಂದ ಆಮದು ಪರವಾನಗಿ, ಅಲ್ಲಿನ ಅಬಕಾರಿ ಇಲಾಖೆಯಲ್ಲಿ ಚೀಟಿಯ ನೋಂದಣಿ, ಆಮೇಲೆ ಕರ್ನಾಟಕ ರಾಜ್ಯ ಪಾನೀಯ ನಿಗಮದ ಗೋದಾಮು. ಕರ್ನಾಟಕದ ಮದ್ಯ ಇಲ್ಲಿಗೆ ನುಸುಳುವುದನ್ನು ತಡೆಯಲು ಮಂಜೇಶ್ವರದ ಗಡಿಯಲ್ಲಿ ಸದಾ ತಪಾಸಣೆ ಇರುತ್ತದೆ. ಪೆಟ್ಟಿಗೆಯಲ್ಲಿ ಇರುವುದು ನಿಮ್ಮದೇ ತೋಟದ ವೈನ್ ಆದರೂ ಜೊತೆಗೆ ಕಾಗದ ಇಲ್ಲದಿದ್ದರೆ ಅವರಿಗೆ ಎಲ್ಲವೂ ಒಂದೇ. ಮೊದಲ ಮೂರು ವರ್ಷ ಕೇರಳದೊಳಗಿನ ಮಾರಾಟಕ್ಕೇ ಗಮನ ಕೊಡಿ.

ಗೇರು ಮುಗಿದ ಮೇಲೆ ಹುದುಗಿಸುವ ಟ್ಯಾಂಕು ಉಳಿದ ತಿಂಗಳೆಲ್ಲ ಸುಮ್ಮನೆ ಕೂರಬಾರದು. ಜೂನಿನಲ್ಲಿ ಹಲಸು, ವರ್ಷವಿಡೀ ಬಾಳೆ ಇದೆ. ಆದರೆ ಪರವಾನಗಿಯಲ್ಲಿ ನಮೂದಿಸಿದ ಹಣ್ಣನ್ನೇ ಬಳಸಬೇಕು. ಅರ್ಜಿ ಬರೆಯುವಾಗಲೇ ನಿಮ್ಮ ತೋಟದಲ್ಲಿ ಬೆಳೆಯುವುದನ್ನೆಲ್ಲ ಪಟ್ಟಿಗೆ ಸೇರಿಸಿ. ನಾವು ಗೇರು ಒಂದನ್ನೇ ಬರೆದು, ಆ ಜೂನಿನಲ್ಲಿ ತುಳುವ ಹಲಸು ಅಂಗಳದ ತುಂಬ ಬಿದ್ದಿದ್ದರೂ ಹೊಸ ಅರ್ಜಿ ಬರೆಯುತ್ತಾ ಕುಳಿತಿದ್ದೆವು.